ಕೆಂಚನಪಾಳ್ಯಕ್ಕೆ ಹೋದ ಬ್ಯಾಂಡು

ರೇಷ್ಮೆ ಹುಳು ಹಣ್ಣಾಗುವ ವಾರ ಬಂತೆಂದರೆ ಅರಳಗುಂಟೆಯ ದೊಡ್ಡಮುನಿಯಪ್ಪನ ಮನೆಯಲ್ಲಿ ಯಾರಿಗೂ ಕೂತು ಉಣ್ಣುವಷ್ಟು ಬಿಡುವಿರುತ್ತಿರಲಿಲ್ಲ. ಎಪ್ಪತ್ತಾರನೇ ಇಸವಿಯ ಅಕ್ಟೋಬರ್ ತಿಂಗಳ ಅಂಥದೊಂದು ಬೆಳಿಗ್ಗೆ, ಅವನ ಹೆಂಡತಿ ಸೊಣ್ಣಮ್ಮ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಹಿರಿಸೊಸೆ ಅನುಸೂಯ ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದಳು. ಇನ್ನೂ ಮದುವೆಯಾಗದ ಕಿರಿಮಗ ಬೈಲಪ್ಪ ತೋಟದಿಂದ ತಂದ ಸೊಪ್ಪಿನ ಹೊರೆಯನ್ನು ಪಡಸಾಲೆಯಲ್ಲಿ ಇಳಿಸುತ್ತಿದ್ದ. ಆಗ ಊರ ಮುಂದೆ ಜೀಪಿನ ಸದ್ದಾಯಿತು.

ಬೈಲಪ್ಪ ಹೊರೆಯನ್ನು ಅಲ್ಲೇ ಬಿಟ್ಟು ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋಗಿಬಿಟ್ಟ. ಯಾರೂ ಅವನನ್ನು ಕರೆಯಲಿಲ್ಲ. ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಗಂಡಸರು ಮಾಡುತ್ತಿದ್ದದ್ದೇ ಹಾಗೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸೋಕೆ ಪೊಲೀಸ್ರು ಗಂಡಸರನ್ನ ಹಿಡಿದುಕೊಂಡು ಹೋಗ್ತಾರಂತೆ, ಮದುವೆಯಾದವರು ಆಗದವರು ಅಂತ ನೋಡಲ್ವಂತೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಹಬ್ಬಿತ್ತು. ಎಷ್ಟು ನಿಜ, ಎಷ್ಟು ಸುಳ್ಳು ಯಾರಿಗೂ ತಿಳಿಯದು. ಎಮರ್ಜೆನ್ಸಿಯ ಕಾಲವಾದ್ದರಿಂದ ಪೇಪರಿನಲ್ಲಿ ಏನೂ ಬರುತ್ತಿರಲಿಲ್ಲ. ಗಂಡಸರು ಮಾತ್ರ ರಾಗಿ ಹೊಲದ ಅಟ್ಟಣೆಗಳಲ್ಲಿ ಮಲಗುವುದಕ್ಕೆ ಶುರುಮಾಡಿದ್ದರು.

ಜೀಪು ಬಂದು ನಿಂತದ್ದು ದೊಡ್ಡಮುನಿಯಪ್ಪನ ಮನೆ ಮುಂದೆಯೇ. ಇಳಿದವರು ಇನ್ನೂ ಚಿಕ್ಕ ವಯಸ್ಸಿನ ಒಬ್ಬ ಅಧಿಕಾರಿ. ಚಪ್ಪಲಿ ಹೊರಗೆ ಬಿಟ್ಟು, ಸೊಣ್ಣಮ್ಮ ಕೊಟ್ಟ ಮಜ್ಜಿಗೆ ಕುಡಿದು, ಗೋಡೆಗೆ ತೂಗುಹಾಕಿದ್ದ ಹಿತ್ತಾಳೆ ವಾದ್ಯಗಳನ್ನು ಒಂದೊಂದಾಗಿ ನೋಡಿದರು. ನಿಮ್ಮ ಬ್ಯಾಂಡಿನ ಹೆಸರು ಬಹಳ ಕೇಳಿದ್ದೇನೆ ಯಜಮಾನರೇ ಅಂದರು. ಆಮೇಲೆ ಬಂದ ವಿಷಯ ಹೇಳಿದರು. ಮುಂದಿನ ವಾರದಿಂದ ಹೋಬಳಿಯಲ್ಲಿ ಕುಟುಂಬ ಯೋಜನೆಯ ಕ್ಯಾಂಪು ನಡೆಯುತ್ತದೆ. ಜನ ಯಾರೋ ಹಬ್ಬಿಸಿದ ಮಾತು ಕೇಳಿ ಹೆದರಿಕೊಂಡಿದ್ದಾರೆ. ಬ್ಯಾಂಡು ಹೋಗಿ ಎರಡು ಊರಿನಲ್ಲಿ ನುಡಿಸಿದರೆ ಜನ ಸೇರುತ್ತಾರೆ, ಆಮೇಲೆ ನಾವು ನಾಲ್ಕು ಒಳ್ಳೆಯ ಮಾತು ಹೇಳಿ ಭಯ ಬಿಡಿಸುತ್ತೇವೆ. ಮೊದಲು ಕೆಂಚನಪಾಳ್ಯ.

ದೊಡ್ಡಮುನಿಯಪ್ಪ ಎಲ್ಲರನ್ನೂ ಕೇಳಿ ಹೇಳುತ್ತೇನೆ ಅಂದ. ಅಧಿಕಾರಿ ಏಳುತ್ತಾ ಒಂದು ಮಾತು ಸೇರಿಸಿದರು.

"ನಿಮ್ಮ ಮಗ ಸಂಜೀವಪ್ಪ ಮೇಷ್ಟ್ರಿಗೂ ಇದರಿಂದ ಅನುಕೂಲ ಆಗುತ್ತೆ. ಅವರ ಕಷ್ಟ ನನಗೆ ಗೊತ್ತು."

ಜೀಪು ಹೋದ ಮೇಲೆ ಸೊಣ್ಣಮ್ಮ ಚಂದ್ರಿಕೆಯ ಮುಂದೆ ಕೂತಳು. ಹಿಡಿದ ಹುಳು ಜಾರಿ ನೆಲಕ್ಕೆ ಬಿತ್ತು. ಎತ್ತಿ ಇಟ್ಟಳು.

ಆ ಬ್ಯಾಂಡು ಹುಟ್ಟಿದ್ದು ಅರವತ್ಮೂರರಲ್ಲಿ. ಚೀನಾದವರ ಯುದ್ಧ ಮುಗಿದ ಹೊಸತು. ಬೆಂಗಳೂರಿನ ಮಿಲಿಟರಿ ಬ್ಯಾಂಡಿನಲ್ಲಿ ಬಹಳ ವರ್ಷ ಊದಿ, ಕೆಲಸ ಬಿಟ್ಟು ಊರಿಗೆ ಬಂದ ಲಕ್ಷ್ಮಯ್ಯ ಅನ್ನುವವನು ಪ್ರತಿ ಸಾಯಂಕಾಲ ಕೆರೆ ಏರಿಯ ಮೇಲೆ ನಿಂತು ಕಾರ್ನೆಟ್ ಅನ್ನುವ ಹಿತ್ತಾಳೆ ತುತ್ತೂರಿ ಊದುತ್ತಿದ್ದ. ಯೋಧರ ನಿಧಿಗೆ ಹಣ ಎತ್ತಬೇಕು ಅಂತ ಊರವರು ಮಾತಾಡಿಕೊಂಡಾಗ, ಜನ ಸೇರಿಸೋಕೆ ಒಂದು ಬ್ಯಾಂಡು ಮಾಡಿಬಿಡಣ ಅಂದವನು ಅವನೇ. ಊರವರೆಲ್ಲ ಕೂಡಿ ಶಿವಾಜಿನಗರದಿಂದ ಹಳೆಯ ವಾದ್ಯಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಉಬ್ಬುತಗ್ಗಾಗಿದ್ದವನ್ನು ಪಾತ್ರೆ ತಟ್ಟುವವರ ಕೈಲಿ ತಟ್ಟಿಸಿದರು. ದೊಡ್ಡಮುನಿಯಪ್ಪ ಆಗ ನಲವತ್ತೈದು ದಾಟಿದ ಒಕ್ಕಲು ಮನುಷ್ಯ, ಹಾಡು ಹಸೆ ಗೊತ್ತಿಲ್ಲದವನು. ತುಟಿ ಒಡೆದು ರಕ್ತ ಬರುವ ತನಕ ಊದಿ ಕಾರ್ನೆಟ್ ಕಲಿತ. ಹಟ್ಟಿಯ ಪಿಳ್ಳಪ್ಪ ದೊಡ್ಡ ಡ್ರಮ್ಮು ಹಿಡಿದ. ಅಭ್ಯಾಸ ನಡೆಯುತ್ತಿದ್ದದ್ದು ದೊಡ್ಡಮುನಿಯಪ್ಪನ ಪಡಸಾಲೆಯಲ್ಲಿ. ಮೊದಮೊದಲು ಸೊಣ್ಣಮ್ಮ ಪಿಳ್ಳಪ್ಪನಿಗೆ ಬೇರೆ ಲೋಟ ಇಡುತ್ತಿದ್ದಳು. ಅಷ್ಟು ಜನದ ಕಾಫಿಯ ನಡುವೆ ಯಾವ ಲೋಟ ಯಾರದು ಅಂತ ನೆನಪಿಡುವುದೇ ಕಷ್ಟವಾಗಿ, ಒಂದು ದಿನ ಆ ಲೆಕ್ಕವನ್ನೇ ಬಿಟ್ಟಳು.

ಬ್ಯಾಂಡಿನವರು ಯಾರ ಹತ್ತಿರವೂ ಕಾಸು ಮುಟ್ಟುತ್ತಿರಲಿಲ್ಲ. ಹೋದ ಊರಿನಲ್ಲಿ ಊಟ ಹಾಕಿದರೆ ಉಣ್ಣುತ್ತಿದ್ದರು, ಅಷ್ಟೇ. ಹಳ್ಳಿಗೆ ಕರೆಂಟು ಬಂದ ದಿನ, ಶಾಲೆಗೆ ಚಾವಣಿ ಹಾಕಿದ ದಿನ, ಹೊಸ ಬಾವಿಯಲ್ಲಿ ನೀರು ಬಿದ್ದ ದಿನ, ಹಿರಿಯರು ಯಾರಾದರೂ ತೀರಿಕೊಂಡ ದಿನ ಬ್ಯಾಂಡು ಹೋಗುತ್ತಿತ್ತು. ಎಪ್ಪತ್ತರಲ್ಲಿ ಲಕ್ಷ್ಮಯ್ಯ ಸತ್ತಾಗ ಅವನ ಹೆಣದ ಹಿಂದೆಯೂ ನುಡಿಸಿಕೊಂಡು ನಡೆದರು. ಅಷ್ಟು ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಆ ಸದ್ದು ಕೇಳಿಸಿದರೆ ಹೊಲದಲ್ಲಿದ್ದವರು ಕುಡುಗೋಲು ಹಿಡಿದುಕೊಂಡೇ ಓಡಿಬರುವಷ್ಟು ಬಳಕೆಯಾಗಿತ್ತು.

ಅಧಿಕಾರಿ ಬಂದುಹೋದ ಸಂಜೆ ಸಂಜೀವಪ್ಪ ಶಾಲೆಯಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಪಕ್ಕದ ಊರಿನ ಪ್ರೈಮರಿ ಶಾಲೆಯಲ್ಲಿ ಅವನು ಮೇಷ್ಟ್ರು. ಇಬ್ಬರು ಹೆಣ್ಣುಮಕ್ಕಳ ತಂದೆ. ಅವನಿಗೂ ಮಿಕ್ಕ ಮೇಷ್ಟ್ರುಗಳಿಗೂ ಆಪರೇಷನ್ನಿಗೆ ಜನ ಕರೆತರಬೇಕು ಅಂತ ಆಜ್ಞೆಯಾಗಿತ್ತು. ಅವನು ಇಲ್ಲಿಯ ತನಕ ಒಬ್ಬನನ್ನೂ ಕರೆತಂದಿರಲಿಲ್ಲ. ದೀಪಾವಳಿ ಹತ್ತಿರ ಬಂದರೂ ಸಂಬಳ ಬಂದಿರಲಿಲ್ಲ. ಕೆಲಸವೇ ಹೋಗಬಹುದು ಅಂತ ಮಾತು ಹುಟ್ಟಿತ್ತು. ಮನೆಯಲ್ಲಿ ಅದನ್ನು ಅನುಸೂಯಳಿಗೆ ಮಾತ್ರ ಹೇಳಿದ್ದ.

ಮುದ್ದೆ ಮುರಿಯುತ್ತಾ ಅವನು ಅಪ್ಪನಿಗೆ ಎಲ್ಲವನ್ನೂ ಹೇಳಿ, ಬ್ಯಾಂಡು ಕಳಿಸಿದರೆ ಒಳ್ಳೆಯದು ಅಂದ. ಮೂಲೆಯಲ್ಲಿ ಕೂತಿದ್ದ ಬೈಲಪ್ಪನಿಗೆ ತಡೆಯಲಾಗಲಿಲ್ಲ.

"ಅಣ್ಣ, ನಾನು ದಿನಾ ತೋಟದಲ್ಲಿ ಮಲಗ್ತಾ ಇದೀನಿ. ನೀನು ನೋಡಿದ್ರೆ ಅವರಿಗೆ ಬ್ಯಾಂಡು ಕಳಿಸೋಣ ಅಂತೀಯ."

"ಅವರು ಹೇಳೋದು ಬರೀ ಭಾಷಣಕ್ಕೆ ಕಣೋ. ಹಿಡಿಯೋಕಲ್ಲ."

"ಭಾಷಣಕ್ಕೆ ಯಾಕೆ ಪೊಲೀಸ್ರು ಬರ್ತಾರೆ?"

"ನೀನು ನೋಡಿದೀಯಾ? ಅವರಿವರ ಮಾತು ಕೇಳ್ಕೊಂಡು ಹೇಳ್ತೀಯ."

ಸೊಣ್ಣಮ್ಮ ಸಾರು ಬಡಿಸುತ್ತಾ ಇಬ್ಬರನ್ನೂ ಸುಮ್ಮನಿರಿಸಿದಳು. ಅವಳ ಚಿಂತೆ ಬೇರೆ. ಹಿರಿಮಗನಿಗೆ ಒಂದು ಗಂಡು ಮಗುವಾಗಲಿ ಅಂತ ಅವಳು ಗ್ರಾಮದೇವತೆ ಸಪ್ಪಲಮ್ಮನಿಗೆ ಹರಕೆ ಹೊತ್ತಿದ್ದಳು. ಈ ಆಪರೇಷನ್ನಿನ ಮಾತು ತನ್ನ ಹೊಸಿಲು ದಾಟಿ ಒಳಕ್ಕೆ ಬಂದದ್ದೇ ಅವಳಿಗೆ ಅಪಶಕುನವಾಗಿತ್ತು. "ಬ್ಯಾಂಡು ಬೇಕಾದ್ರೆ ಊದ್ಕೊಳ್ರಪ್ಪ, ನಮ್ಮ ಮನೆ ಗಂಡಸರ ತಂಟೆಗೆ ಬರದಿದ್ರೆ ಸಾಕು" ಅಂದಳು. ಅನುಸೂಯ ಮಕ್ಕಳಿಗೆ ತುತ್ತಿಡುತ್ತಿದ್ದವಳು ತಲೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಬ್ಯಾಂಡಿನವರೆಲ್ಲ ಪಡಸಾಲೆಯಲ್ಲಿ ಸೇರಿದರು. ಗೂಡು ಕಟ್ಟಿದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರಿಂದ ಕೂರುವುದಕ್ಕೂ ಜಾಗ ಸಾಲದು. ಕೆಲವರು ಬೇಡ ಅಂದರು. ಕೆಲವರು, ಮೇಷ್ಟ್ರ ಅನ್ನದ ಪ್ರಶ್ನೆ, ಒಂದು ಸಲ ಹೋಗಿಬರೋಣ ಅಂದರು. ಪಿಳ್ಳಪ್ಪ ಕೊನೆಗೆ ಮಾತಾಡಿದ. ಅವನ ತಂಗಿಯನ್ನು ಕೊಟ್ಟಿದ್ದು ಕೆಂಚನಪಾಳ್ಯಕ್ಕೇ.

"ಅಲ್ಲಿ ಗಂಡಸರು ಹಗಲೊತ್ತೂ ಮನೇಲಿರಲ್ಲ ಯಜಮಾನ್ರೆ. ನಮ್ಮ ಸದ್ದು ಕೇಳಿದ್ರೆ ಮಾತ್ರ ಬರ್ತಾರೆ. ಅದಕ್ಕೇ ನಮ್ಮನ್ನ ಕೇಳ್ತಾ ಇರೋದು."

ಎಲ್ಲರೂ ದೊಡ್ಡಮುನಿಯಪ್ಪನ ಮುಖ ನೋಡಿದರು. ಅವನು ಒಳಗಿನ ಕೋಣೆಯ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ಸಂಜೀವಪ್ಪ ನಿಂತಿದ್ದ, ಕಂಕುಳಲ್ಲಿ ಚಿಕ್ಕ ಹುಡುಗಿ.

"ಆ ಸಾಹೇಬ್ರು ನಮ್ಮನೇಲಿ ಮಜ್ಜಿಗೆ ಕುಡ್ದವರೆ. ಬರೀ ಮಾತಾಡ್ತೀವಿ ಅಂತ ಬಾಯಿ ಬಿಟ್ಟು ಹೇಳವ್ರೆ. ಒಂದು ಸಲ ಹೋಗೋಣ" ಅಂದ ದೊಡ್ಡಮುನಿಯಪ್ಪ.

ಪಿಳ್ಳಪ್ಪ ಆಗಲಿ ಅಂದ. ಬೈಲಪ್ಪ ಮಾತ್ರ ಬರಲಿಲ್ಲ. ಬ್ಯಾಂಡಿನಲ್ಲಿ ಅವನು ಬಡಿಯುತ್ತಿದ್ದ ಜಾಲ್ರಾ ತಾಳಗಳನ್ನು ಬೇರೆಯವರು ಎತ್ತಿಕೊಂಡರು.

ಸೋಮವಾರ ಮಧ್ಯಾಹ್ನ ಬ್ಯಾಂಡು ಎತ್ತಿನಗಾಡಿಯಲ್ಲಿ ಕೆಂಚನಪಾಳ್ಯಕ್ಕೆ ಹೋಯಿತು. ಸಂಜೀವಪ್ಪ ಶಾಲೆಗೆ ರಜೆ ಹೇಳಿ ಜೊತೆಗೆ ಬಂದಿದ್ದ. ಅಧಿಕಾರಿ ಒಬ್ಬರೇ ಅರಳಿಕಟ್ಟೆಯ ಹತ್ತಿರ ನಿಂತಿದ್ದರು. ಪೊಲೀಸರ ಸುಳಿವಿರಲಿಲ್ಲ. ದೊಡ್ಡಮುನಿಯಪ್ಪನಿಗೆ ಸ್ವಲ್ಪ ಉಸಿರು ಬಂದ ಹಾಗಾಯಿತು. ಬೀದಿಯಲ್ಲಿ ಕೋಳಿಗಳು ಮತ್ತು ಇಬ್ಬರು ಮುದುಕಿಯರು ಬಿಟ್ಟರೆ ಯಾರೂ ಇರಲಿಲ್ಲ.

ನುಡಿಸುವುದಕ್ಕೆ ಶುರುಮಾಡಿದ ಮೇಲೆ ಮೊದಲು ಮಕ್ಕಳು ಬಂದರು, ಹೆಂಗಸರು ಬಂದರು. ಎರಡನೆಯ ಪದ ಮುಗಿಯುವಾಗ ರಾಗಿ ಹೊಲದ ಕಡೆಯಿಂದ ಒಬ್ಬೊಬ್ಬರಾಗಿ ಗಂಡಸರು ಬಂದರು. ಮೊದಲು ದೂರದಲ್ಲೇ ನಿಂತರು. ಅರಳಗುಂಟೆಯವರೇ ಅಂತ ಗೊತ್ತಾದ ಮೇಲೆ ಕಟ್ಟೆಯ ಹತ್ತಿರಕ್ಕೇ ಬಂದು ಕೂತರು. ಎಷ್ಟೋ ದಿನದ ಮೇಲೆ ಹೆಂಡತಿ ಮಕ್ಕಳ ಪಕ್ಕ ಕೂತವರ ಮುಖದಲ್ಲಿ ನಗು ಕಾಣಿಸಿತು. ದೊಡ್ಡಮುನಿಯಪ್ಪ ಕಣ್ಣು ಮುಚ್ಚಿಕೊಂಡು ಊದಿದ.

ಕಣ್ಣು ಬಿಟ್ಟಾಗ ಬೀದಿಯ ಎರಡೂ ತುದಿಯಲ್ಲಿ ಪೊಲೀಸ್ ವ್ಯಾನುಗಳು ನಿಂತಿದ್ದವು. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಎದುರಿಗೆ ಜನ ಎದ್ದು ಓಡುತ್ತಿದ್ದರೂ ಅವನ ಬೆರಳು ಇನ್ನೂ ಆಡುತ್ತಿತ್ತು. ಪಿಳ್ಳಪ್ಪನ ಡ್ರಮ್ಮು ಮೊದಲು ನಿಂತಿತು, ಆಮೇಲೆ ಉಳಿದವು ನಿಂತವು.

ಹಿಡಿದವರನ್ನು ಪೊಲೀಸರು ತೋಳು ಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದರು. ಅವರಲ್ಲಿ ಅಪ್ಪಯ್ಯಣ್ಣ ಅನ್ನುವ ಹುಡುಗನೊಬ್ಬ, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಕಾಲಿನಲ್ಲಿ ಇನ್ನೂ ಹೊಲದ ಕೆಸರಿತ್ತು. ನನಗೆ ಮದುವೆ ಆಗಿಲ್ಲ ಸ್ವಾಮಿ, ಮಾಘಕ್ಕೆ ಗೊತ್ತಾಗಿದೆ ಸ್ವಾಮಿ ಅಂತ ಅವನು ಕೈಮುಗಿಯುತ್ತಿದ್ದ. ಅವನ ತಾಯಿ ಪಾಪಮ್ಮ ಪೊಲೀಸಿನವನ ಬೆಲ್ಟು ಹಿಡಿದುಕೊಂಡಿದ್ದಳು.

ಸಂಜೀವಪ್ಪ ಅಧಿಕಾರಿಯ ಹತ್ತಿರ ಹೋದ.

"ಸಾರ್, ಆ ಹುಡುಗನಿಗೆ ಮದುವೆಯಾಗಿಲ್ಲ. ನನಗೆ ಗೊತ್ತು."

"ಮೂವತ್ತು ವರ್ಷ, ಮೂರು ಮಕ್ಕಳು ಅಂತ ಫಾರಂನಲ್ಲಿ ಹಾಕ್ತೀವಿ. ನಿಮ್ಮ ಲೆಕ್ಕಕ್ಕೇ ಬರಲಿ ಮೇಷ್ಟ್ರೇ. ನಿಮ್ಮ ಕೆಲಸ ಉಳೀತು."

ಅಷ್ಟರಲ್ಲಿ ದೊಡ್ಡಮುನಿಯಪ್ಪ ನುಗ್ಗಿ ಹೋಗಿ ಅಪ್ಪಯ್ಯಣ್ಣನ ಕೈ ಹಿಡಿದುಕೊಂಡಿದ್ದ. ಇದು ಮಾತಲ್ಲಿರಲಿಲ್ಲ, ಇದು ಮಾತಲ್ಲಿರಲಿಲ್ಲ ಅಂತ ಅದನ್ನೇ ಹೇಳುತ್ತಿದ್ದ. ಪೊಲೀಸಿನವನು ಅವನನ್ನು ಹಿಂದಕ್ಕೆ ತಳ್ಳಿದ. ಬಿದ್ದವನು ಎದ್ದು ನಿಲ್ಲುವ ಹೊತ್ತಿಗೆ ವ್ಯಾನು ಹೊರಟುಹೋಗಿತ್ತು. ಬೀದಿಯಲ್ಲಿ ಹೆಂಗಸರು ಮಾತ್ರ ಉಳಿದಿದ್ದರು. ಅವರು ವ್ಯಾನಿನ ದಾರಿ ನೋಡುವುದನ್ನು ಬಿಟ್ಟು ಬ್ಯಾಂಡಿನವರ ಕಡೆ ತಿರುಗಿ ನೋಡಿದರು.

ಮನೆಗೆ ಬಂದಾಗ ಸೊಣ್ಣಮ್ಮ ಮುದ್ದೆ ಕಟ್ಟಿ ಅವರೆಕಾಳಿನ ಸಾರು ಮಾಡಿಟ್ಟಿದ್ದಳು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಬೈಲಪ್ಪನಿಗೆ ಸುದ್ದಿ ಆಗಲೇ ತಲುಪಿತ್ತು. ಅಣ್ಣನ ಮುಂದೆ ಬಂದು ನಿಂತ.

"ಭಾಷಣ ಚೆನ್ನಾಗಿತ್ತಾ?"

"ಬೈಲ, ಸುಮ್ನಿರು" ಅಂದ ಅಪ್ಪ.

"ನಾನ್ಯಾಕೆ ಸುಮ್ನಿರ್ಲಿ? ಆ ಅಪ್ಪಯ್ಯಣ್ಣ ನನ್ನ ಓರಗೆಯವನು. ಸಂತೇಲಿ ಸಿಕ್ದಾಗೆಲ್ಲ ಮದುವೆಗೆ ಬಾರಯ್ಯ ಅಂತಿದ್ದ."

ಸಂಜೀವಪ್ಪ ಎದ್ದು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಬೈಲಪ್ಪ ಬೆಳಿಗ್ಗೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿರುವ ಸೋದರತ್ತೆಯ ಮನೆಗೆ ಹೊರಟುಹೋದ. ಅಪ್ಪನಿಗೂ ಅಣ್ಣನಿಗೂ ಹೇಳಿ ಹೋಗಲಿಲ್ಲ. ಅನುಸೂಯಳ ಕೈಲಿ ರೊಟ್ಟಿ ಕಟ್ಟಿಸಿಕೊಂಡು ಹೋದನಂತೆ.

ಆ ವಾರ ಮನೆಯಲ್ಲಿ ಗೂಡು ಬಿಡಿಸುವ ಕೆಲಸ. ಯಾವಾಗಲೂ ಅಕ್ಕಪಕ್ಕದ ಹೆಂಗಸರು ಮಾತಾಡಿಕೊಂಡು ಬಂದು ಕೂತು ಬಿಡಿಸುತ್ತಿದ್ದರು. ಆ ಸಲ ಯಾರೂ ಬರಲಿಲ್ಲ. ಅತ್ತೆ ಸೊಸೆ ಇಬ್ಬರೇ ಕೂತು ಬಿಡಿಸಿದರು. ಬಾವಿಯ ಹತ್ತಿರ ಸೊಣ್ಣಮ್ಮ ಹೋದರೆ ಇದ್ದವರು ಕೊಡ ತುಂಬಿಕೊಂಡು ಹೊರಟುಬಿಡುತ್ತಿದ್ದರು. ಪಿಳ್ಳಪ್ಪ ಬಂದು ಡ್ರಮ್ಮನ್ನು ಪಡಸಾಲೆಯಲ್ಲಿಟ್ಟ. ತಂಗಿ ಮನೆಗೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ ಯಜಮಾನ್ರೆ ಅಂತ ಅಷ್ಟೇ ಕೇಳಿದ. ಕಾಫಿಗೆ ನಿಲ್ಲಲಿಲ್ಲ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಬಂದು ವಾದ್ಯ ತಂದಿಟ್ಟು ಹೋದರು. ಚಿಕ್ಕ ಮೊಮ್ಮಗಳು ಡ್ರಮ್ಮನ್ನು ಬೆರಳಿಂದ ತಟ್ಟಿದಾಗ ದೊಡ್ಡಮುನಿಯಪ್ಪ ಎಂದೂ ಬೈಯದವನು ಬೈದ. ಅವಳು ಅತ್ತಳು. ಅವನು ಅವಳನ್ನು ಎತ್ತಿಕೊಂಡು ತೋಟಕ್ಕೆ ಹೋದ.

ಎರಡನೆಯ ಊರಿಗೆ ಮುಂದಿನ ವಾರ ಗುರುವಾರ ಬರಬೇಕು ಅಂತ ಅಧಿಕಾರಿ ಆಳಿನ ಕೈಲಿ ಹೇಳಿಕಳಿಸಿದ್ದರು. ಬಂದವನ ಎದುರಿಗೇ ದೊಡ್ಡಮುನಿಯಪ್ಪ ಬರಲ್ಲ ಅಂದ. ಹಾಗಾದರೆ ಮೇಷ್ಟ್ರ ವಿಷಯ ನಮ್ಮ ಕೈಯಲ್ಲಿಲ್ಲ ಅಂತ ಉತ್ತರ ಬಂತು. ಸೊಣ್ಣಮ್ಮ ಗಂಡನ ಮುಂದೆ ಕೂತು ಅತ್ತಳು. ಮಾಡಿದ ಪಾಪ ಮಾಡಿಯಾಯಿತು, ಇನ್ನೊಂದು ಊರು ಹೋಗಿಬಂದರೆ ಮಗನ ಕೆಲಸವಾದರೂ ಉಳಿಯುತ್ತದಲ್ಲ ಅಂದಳು. ದೊಡ್ಡಮುನಿಯಪ್ಪ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಮೂರು ಹೊತ್ತೂ ಬರೀ ಮಜ್ಜಿಗೆ ಕುಡಿದುಕೊಂಡಿದ್ದ. ಜೀಪಿನ ಸದ್ದಾದರೂ, ಲಾರಿಯ ಸದ್ದಾದರೂ ಬೀದಿಗೆ ಬಂದು ನಿಲ್ಲುತ್ತಿದ್ದ.

ಆ ಗುರುವಾರಕ್ಕೆ ಹಿಂದಿನ ದಿನ ಬೆಳಿಗ್ಗೆ ಸಂಜೀವಪ್ಪ ಎಂದಿನಂತೆ ಶಾಲೆಗೆ ಅಂತ ಹೊರಟ. ಮಧ್ಯಾಹ್ನ ಬಸ್ಸಿಳಿದು ನಿಧಾನವಾಗಿ ನಡೆದುಕೊಂಡು ಬಂದ. ಹೊಲಕ್ಕೆ ಬುತ್ತಿ ಹೊತ್ತು ಹೊರಟಿದ್ದ ಅನುಸೂಯ ಅವನ ನಡಿಗೆ ನೋಡಿ ಬುಟ್ಟಿ ಇಳಿಸಿದಳು. ಅವನು ಪಡಸಾಲೆಯಲ್ಲಿ ಚಾಪೆ ಹಾಸಿಸಿಕೊಂಡು ಮಲಗಿದ ಮೇಲೆ ಹೇಳಿದ. ನಾನು ಕ್ಯಾಂಪಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆ. ಅದಕ್ಕೆ ಬದಲು ಬ್ಯಾಂಡಿನ ತಂಟೆಗೆ ಬರಬೇಡಿ, ಅಪ್ಪಯ್ಯಣ್ಣನನ್ನು ನನ್ನ ಲೆಕ್ಕದಿಂದ ತೆಗೆಯಿರಿ ಅಂತ ಕೇಳಿಕೊಂಡೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ನಕ್ಕರು.

ಸೊಣ್ಣಮ್ಮ ಹೊಸಿಲ ಮೇಲೆ ಕುಸಿದು ಕೂತಳು. ನನ್ನ ವಂಶ ನೀನೇ ಕೈಯಾರೆ ಕಡಿದ್ಯಲ್ಲಪ್ಪ ಅಂತ ಒಂದು ಸಲ ಅಂದಳು. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದವಳು ಎರಡು ದಿನ ಏಳಲಿಲ್ಲ. ಒಲೆ, ಕೊಟ್ಟಿಗೆಯ ದನ, ಮಕ್ಕಳು, ಗಂಡನ ಗಾಯ ಎಲ್ಲವೂ ಅನುಸೂಯಳ ಮೇಲೆ ಬಿತ್ತು. ಅವಳು ಒಂದು ಮಾತೂ ಆಡದೆ ಎಲ್ಲವನ್ನೂ ಮಾಡಿದಳು. ಬಿಸಿನೀರು ತಂದಿಟ್ಟಾಗ ಸಂಜೀವಪ್ಪನೇ ಕೇಳಿದ.

"ನಿನಗೂ ಕೋಪಾನಾ?"

"ಕೋಪವೇ."

"ಗಂಡು ಮಗು ಆಗಲ್ಲ ಅಂತಲಾ?"

"ಅದಕ್ಕಲ್ಲ. ಎರಡನೇದು ಹೆರುವಾಗ ನಾನು ಸತ್ತು ಬದುಕಿದೆ. ಇನ್ನೊಂದು ಬೇಡ ಅಂತ ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ, ಅತ್ತೆಗೆ ಹೆದರ್ಕೊಂಡು ಹೇಳ್ಲಿಲ್ಲ. ನೀವು ಒಂದು ಮಾತು ಕೇಳಿದ್ರೆ ಬೇಡ ಅಂತಿರಲಿಲ್ಲ. ಕೇಳ್ಲಿಲ್ಲ ಅಂತ ಕೋಪ."

ಅವಳು ಬಟ್ಟೆ ಅದ್ದಿ ಹಿಂಡಿ ಅವನ ಕೈಗೆ ಕೊಟ್ಟಳು.

ಅಷ್ಟಾದರೂ ಜನವರಿಯಲ್ಲಿ ಅವನನ್ನು ಚಳ್ಳಕೆರೆಯ ಆಚೆಗಿನ ಒಂದು ಹಳ್ಳಿಗೆ ವರ್ಗ ಮಾಡಿದರು. ಒಬ್ಬನೇ ಹೋದ. ಮಾರ್ಚಿನಲ್ಲಿ ಚುನಾವಣೆ ನಡೆದು ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಕ್ಯಾಂಪುಗಳು ನಿಂತವು. ಬೈಲಪ್ಪ ಅನುಗೊಂಡನಹಳ್ಳಿಯಿಂದ ಬಂದ. ಬಂದವನು ಅಣ್ಣನ ಸುದ್ದಿಯನ್ನು ಅತ್ತಿಗೆಯಿಂದ ಕೇಳಿ, ಮಾರನೆಯ ದಿನವೇ ಒಂದು ಗಂಟು ರಾಗಿಹಿಟ್ಟು ಹೊತ್ತುಕೊಂಡು ಚಳ್ಳಕೆರೆಯ ಬಸ್ಸು ಹತ್ತಿದ. ಅಲ್ಲಿ ಅಣ್ಣ ತಮ್ಮ ಏನು ಮಾತಾಡಿದರೋ ಮನೆಯವರಿಗೆ ಗೊತ್ತಾಗಲಿಲ್ಲ. ಜೂನಿನಲ್ಲಿ ಸಂಜೀವಪ್ಪನಿಗೆ ತಾಲ್ಲೂಕಿಗೆ ವಾಪಸ್ಸು ವರ್ಗವಾಯಿತು.

ಅವನು ಬಂದ ವಾರವೇ ದೊಡ್ಡಮುನಿಯಪ್ಪ ಅವನನ್ನು ಕರೆದುಕೊಂಡು ಕೆಂಚನಪಾಳ್ಯಕ್ಕೆ ನಡೆದ. ಎಂಟು ತಿಂಗಳಿಂದ ಅವನು ಆ ದಾರಿ ತುಳಿದಿರಲಿಲ್ಲ. ಪಾಪಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಇಬ್ಬರನ್ನೂ ನೋಡಿ ಮೊರ ಕೆಳಗಿಟ್ಟು, ಒಳಗೆ ಹೋಗಿ ನೀರು ತಂದಿಟ್ಟಳು. ಮಾಘದಲ್ಲಿ ಆಗಬೇಕಿದ್ದ ಮದುವೆ ಮುರಿದುಬಿದ್ದಿತ್ತು. ಹೆಣ್ಣಿನವರು ನಿಶ್ಚಯಕ್ಕೆ ಕೊಟ್ಟ ತೆಂಗಿನಕಾಯಿಯನ್ನು ವಾಪಸ್ಸು ಕಳಿಸಿದ್ದರು.

ದೊಡ್ಡಮುನಿಯಪ್ಪ ಹೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಮರೆತುಬಿಟ್ಟ. ತಪ್ಪಾಯ್ತು ಕಣವ್ವ ಅಂದ. ನೀನು ಉಗಿದ್ರೂ ಉಗಿಸಿಕೊಳ್ತೀನಿ ಅಂದ. ಪಾಪಮ್ಮ ಮೊರ ಎತ್ತಿಕೊಂಡು ಹುರುಳಿಯಲ್ಲಿನ ಕಲ್ಲು ಆರಿಸತೊಡಗಿದಳು.

"ಅವನು ಬರಲ್ಲ ಅಂದಿದ್ದ. ಹೊಲದಲ್ಲೇ ಇದ್ದ. ನಾನೇ ಬದುವಿಗೆ ಹೋಗಿ ಕೂಗಿ ಕರೆದೆ. ಅರಳಗುಂಟೆಯವರು ಕಣೋ, ಹೆದರಬೇಡ ಬಾ, ಬ್ಯಾಂಡು ಕೇಳು ಅಂದೆ. ನಿಮ್ಮನ್ನ ಉಗಿದ್ರೆ ನನ್ನನ್ನ ಯಾರು ಉಗಿಯೋರು?"

ಅಷ್ಟು ಹೊತ್ತಿಗೆ ಅಪ್ಪಯ್ಯಣ್ಣ ಹೊಲದಿಂದ ಬಂದ. ಮೊದಲಿಗಿಂತ ಇಳಿದುಹೋಗಿದ್ದ. ಬಂದವರನ್ನು ನೋಡಿ ಹಿತ್ತಿಲಿಗೆ ತಿರುಗಿದ. ಸಂಜೀವಪ್ಪ ಎದ್ದು ಅವನ ಹಿಂದೆ ಹೋದ. ಹಿತ್ತಿಲಿನಲ್ಲಿ ನಿಂತು, ತಾನು ಚಳ್ಳಕೆರೆಯಲ್ಲಿದ್ದಾಗ ವಿಚಾರಿಸಿದ್ದನ್ನು ಹೇಳಿದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕತ್ತರಿಸಿದ ನರವನ್ನು ಮತ್ತೆ ಕೂಡಿಸುತ್ತಾರಂತೆ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ.

ಅಪ್ಪಯ್ಯಣ್ಣ ಅವನ ಮುಖ ನೋಡಲಿಲ್ಲ. "ಮತ್ತೆ ಆಸ್ಪತ್ರೆಗೆ ಹೋಗು ಅಂತೀರಾ? ಆ ಮೇಜು, ಆ ವಾಸನೆ ನೆನೆದ್ರೆ ಇವತ್ತಿಗೂ ಅನ್ನ ಸೇರಲ್ಲ."

"ನನ್ನನ್ನೂ ಅದೇ ಮೇಜಿನ ಮೇಲೆ ಮಲಗಿಸಿದ್ರು. ನಾನು ಜೊತೇಲಿರ್ತೀನಿ. ನೀನು ಎದ್ದು ಬರೋ ತನಕ ಅಲ್ಲೇ ಇರ್ತೀನಿ."

ಅಪ್ಪಯ್ಯಣ್ಣ ಆ ದಿನ ಹೊಲಕ್ಕೆ ವಾಪಸ್ಸು ಹೊರಟುಹೋದ. ಆದರೆ ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಗಂಟು ಹಿಡಿದುಕೊಂಡು ಬಂದು ದೊಡ್ಡಮುನಿಯಪ್ಪನ ಜಗಲಿಯ ಮೇಲೆ ಕೂತ. ಸೊಣ್ಣಮ್ಮ ಅವನನ್ನು ನೋಡಿದ್ದು ಅದೇ ಮೊದಲು. ಬೈಲಪ್ಪನ ವಯಸ್ಸಿನ, ಬೈಲಪ್ಪನ ಹಾಗೇ ಕಿವಿ ಮುಂದಕ್ಕಿದ್ದ ಹುಡುಗ. ಅವಳು ರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಹಾಕಿಕೊಟ್ಟಳು. ಉಣ್ಣಪ್ಪ, ಬಸ್ಸಿಗೆ ಹೊತ್ತಿದೆ ಅಂದಳು.

ಆಸ್ಪತ್ರೆಯಲ್ಲಿ ಸಂಜೀವಪ್ಪ ಹತ್ತು ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಳೆದ. ಬೈಲಪ್ಪ ದಿನ ಬಿಟ್ಟು ದಿನ ಊಟ ತಂದುಕೊಡುತ್ತಿದ್ದ. ಆಪರೇಷನ್ ಮಾಡಿದ ಡಾಕ್ಟರು ಮಾತಿನ ನಡುವೆ ಸಂಜೀವಪ್ಪನ ಕತೆಯನ್ನೂ ಕೇಳಿ, ನಿಮಗೂ ಕೂಡಿಸಿಬಿಡೋಣವಾ ಮೇಷ್ಟ್ರೇ ಅಂದರು. ಅವನು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದ. ಊರಿಗೆ ಬಂದ ಸಂಜೆ, ಎಲ್ಲರೂ ಊಟಕ್ಕೆ ಕೂತಿರುವಾಗ, ಅಡಿಗೆಮನೆಯ ಕಡೆ ತಿರುಗಿ ಕೇಳಿದ.

"ಅನುಸೂಯಾ, ಡಾಕ್ಟರು ಹೀಗಂದ್ರು. ನೀನೇನಂತೀಯ?"

ಅತ್ತೆ ಮಾವನ ಎದುರಿಗೆ ಹೀಗೆ ಕೇಳಿದ್ದಕ್ಕೆ ಅವಳು ಸೌಟು ಕೆಳಗಿಟ್ಟು ಬಾಗಿಲಿಗೆ ಬಂದಳು. ಸೊಣ್ಣಮ್ಮ ತುತ್ತು ಹಿಡಿದ ಹಾಗೇ ಸೊಸೆಯ ಬಾಯಿ ನೋಡಿದಳು.

"ಬೇಡ" ಅಂದಳು ಅನುಸೂಯ. "ನಮಗೆ ಇಬ್ಬರು ಮಕ್ಕಳು ಸಾಕು."

ಸೊಣ್ಣಮ್ಮ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದಳು. ಒಂದು ವಾರ ಸೊಸೆಯ ಜೊತೆ ಮಾತಾಡಲಿಲ್ಲ. ಆಮೇಲೆ ಎಳೆ ಹುಳುಗಳ ಚಾಕಿ ಕೆಲಸ ಬಂತು, ಸೊಪ್ಪು ಹೆಚ್ಚಬೇಕು, ತಟ್ಟೆ ಬದಲಿಸಬೇಕು. ಇಬ್ಬರೇ ಇರುವ ಕೋಣೆಯಲ್ಲಿ ಮಾತಾಡದೆ ಆ ಕೆಲಸ ನಡೆಯುವುದಿಲ್ಲ. ಮೊದಲು ಸೊಪ್ಪಿನ ಬಗ್ಗೆ, ಆಮೇಲೆ ಸಾರಿನ ಬಗ್ಗೆ ಮಾತು ಶುರುವಾಯಿತು. ಸಪ್ಪಲಮ್ಮನ ಹರಕೆಯನ್ನು ಸೊಣ್ಣಮ್ಮ ಬಿಡಲಿಲ್ಲ. ಬೈಲಪ್ಪನ ಹೆಸರಿಗೆ ತಿರುಗಿಸಿಕೊಂಡಳು.

ವಾದ್ಯಗಳು ಒಂದೂವರೆ ವರ್ಷ ಗೋಡೆಯ ಮೇಲೇ ಇದ್ದವು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಪಿಳ್ಳಪ್ಪ ಒಂದು ಸಂಜೆ ಬಂದು, ಡ್ರಮ್ಮಿನ ಚರ್ಮ ಒಣಗಿ ಬಿರಿಯುತ್ತಾ ಇದೆ, ಹೊಸದು ಹಾಕ್ಬೇಕು ಅಂತ ಹೊತ್ತುಕೊಂಡು ಹೋದ. ತಿಂಗಳಾದ ಮೇಲೆ ಹೊಸ ಚರ್ಮದೊಂದಿಗೆ ಬಂದು ಪಡಸಾಲೆಯಲ್ಲಿ ಕೂತು ಕಾಫಿ ಕೇಳಿದ. ಮಿಕ್ಕವರಲ್ಲಿ ಅರ್ಧ ಜನ ಮತ್ತೆ ಬಂದರು. ದೊಡ್ಡಮುನಿಯಪ್ಪನ ಉಸಿರು ಮೊದಲಿನಂತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಅರಳಗುಂಟೆಯ ಶಾಲೆಯ ಮುಂದೆ ನುಡಿಸಿದರು, ಊರು ದಾಟಿ ಎಲ್ಲಿಗೂ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಆ ವರ್ಷವೇ ಅಪ್ಪಯ್ಯಣ್ಣನಿಗೆ ಮದುವೆಯಾಯಿತು. ದೊಡ್ಡಬಳ್ಳಾಪುರದ ಕಡೆಯ ಗಂಗಲಕ್ಷ್ಮಿ ಅನ್ನುವ ಹುಡುಗಿ, ಎಲ್ಲ ಗೊತ್ತಿದ್ದೂ ಒಪ್ಪಿದಳು. ಮದುವೆಗೆ ಬೈಲಪ್ಪ ಹೋಗಿ ಬಂದ. ಆಮೇಲಿನ ದಿನಗಳು ದೊಡ್ಡಮುನಿಯಪ್ಪನಿಗೆ ಕಷ್ಟವಾದವು. ಕೆಂಚನಪಾಳ್ಯದಿಂದ ಯಾರು ಬಂದರೂ ಸುದ್ದಿ ಕೇಳುತ್ತಿದ್ದ. ನೇರವಾಗಿ ಕೇಳಲಾರದೆ ಮಳೆ ಬೆಳೆ ಕೇಳಿ, ಕೊನೆಗೆ ಪಾಪಮ್ಮನ ಮನೇಲಿ ಎಲ್ಲರೂ ಚೆನ್ನಾಗವ್ರಾ ಅನ್ನುತ್ತಿದ್ದ. ಚೆನ್ನಾಗವ್ರೆ ಅನ್ನುತ್ತಿದ್ದರು. ಅವನು ಬೇರೆ ಸುದ್ದಿಗೆ ಕಾಯುತ್ತಿದ್ದಾನೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಆ ಮಾತೆತ್ತುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಕೊನೆಯಲ್ಲಿ, ಅವರೆಕಾಯಿಯ ಕಾಲದಲ್ಲಿ, ಪಾಪಮ್ಮ ತಾನೇ ಬಂದಳು. ಸೆರಗಿನಲ್ಲಿ ಒಂದು ಅಚ್ಚು ಬೆಲ್ಲ. ಸೊಣ್ಣಮ್ಮನ ಕೈಗೆ ಕೊಟ್ಟು, ಹೆಣ್ಣು ಕೂಸು, ಒಂಬತ್ತು ದಿನವಾಯ್ತು, ತಾಯಿ ಮಗು ಚೆನ್ನಾಗಿದಾರೆ ಅಂದಳು. ಸೊಣ್ಣಮ್ಮ ಆ ಬೆಲ್ಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಹೆಣ್ಣೇ ಆಗ್ಲಿ ಕಣವ್ವ, ಹೆಣ್ಣೇ ಆಗ್ಲಿ ಅಂತ ಹೇಳುತ್ತಾ ಅತ್ತಳು. ಅನುಸೂಯ ಅತ್ತೆಯನ್ನು ಹಿಡಿದು ಕೂರಿಸಿದಳು.

ಹೊಲದಿಂದ ಓಡಿಬಂದ ದೊಡ್ಡಮುನಿಯಪ್ಪ ಉಸಿರು ಸಿಗದೆ ಕಂಬ ಹಿಡಿದುಕೊಂಡ. ಪಾಪಮ್ಮ ಅವನಿಗೂ ಸುದ್ದಿ ಹೇಳಿದಳು. ಅವನು ಒಮ್ಮೆ ವಾದ್ಯಗಳಿದ್ದ ಗೋಡೆಯ ಕಡೆ ನೋಡಿದ, ಒಮ್ಮೆ ಅವಳ ಕಡೆ ನೋಡಿದ.

"ನಾಮಕರಣಕ್ಕೆ ನಾವು ಬಂದು ನುಡಿಸಬಹುದಾ ತಾಯಿ? ಕರೆದ್ರೆ ಮಾತ್ರ."

ಪಾಪಮ್ಮ ಅನುಸೂಯ ತಂದ ಕಾಫಿಯನ್ನು ಆರಿಸಿಕೊಂಡು ಪೂರ್ತ ಕುಡಿದಳು. ಲೋಟ ಕೆಳಗಿಟ್ಟಳು.

"ಈಗ ಬೇಡ ಯಜಮಾನ್ರೆ. ಎಳೇ ಕೂಸು, ಬೆಚ್ಚಿಬೀಳುತ್ತೆ. ನನ್ನ ಮಗನೂ ಅಷ್ಟೇ, ಆ ಸದ್ದು ಕೇಳಿದ್ರೆ ಇವತ್ತಿಗೂ ಎದ್ದು ನಿಂತ್ಕೊಳ್ತಾನೆ. ಮಗು ನಡೆಯೋ ಹಾಗಾಗ್ಲಿ. ಆಗ ನಾನೇ ಬಂದು ಹೇಳ್ತೀನಿ."

"ಆಗ್ಲಿ" ಅಂದ ದೊಡ್ಡಮುನಿಯಪ್ಪ. "ಕಾಯ್ತೀವಿ."

ಸೊಣ್ಣಮ್ಮ ಅವಳಿಗೆ ಅರಿಸಿನ ಕುಂಕುಮ ಕೊಟ್ಟು, ಕೂಸಿಗೆ ಅಂತ ಮೊಮ್ಮಕ್ಕಳ ಹಳೆಯ ಮೆತ್ತನೆ ಬಟ್ಟೆಗಳನ್ನು ಗಂಟು ಕಟ್ಟಿ ಕೊಟ್ಟಳು. ಪಾಪಮ್ಮ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲು ಏರುವ ಮೊದಲು ಊರಿಗೆ ಹೊರಟಳು.